ಕೃತಕ ಕೀಲಿನ ಸೋಂಕೂ ಔಷಧದ ಆಯ್ಕೆಯೂ

ಸವೆದುಹೋದ ಮಂಡಿಯನ್ನೋ ತೊಡೆಸಂದನ್ನೋ ತೆಗೆದು, ಲೋಹದಿಂದಲೂ ಪ್ಲಾಸ್ಟಿಕ್ಕಿನಿಂದಲೂ ರಚಿಸಿದ ಕೃತಕ ಕೀಲನ್ನು ಆ ಸ್ಥಾನದಲ್ಲಿ ನೆಲೆಗೊಳಿಸುವ ಶಸ್ತ್ರಚಿಕಿತ್ಸೆಯು, ನೋವಿನಿಂದ ಮೆಟ್ಟಿಲೇರಲಾರದೆ ಮನೆಯ ಮೂಲೆ ಹಿಡಿದಿದ್ದ ಅಸಂಖ್ಯ ಹಿರಿಯರನ್ನು ಪುನಃ ನಡೆದಾಡಿಸಿರುವ ಮಹೋಪಕಾರವಾಗಿದೆ. ಈ ಉಪಕಾರದ ಬೆನ್ನಿಗೆ ಬರಬಹುದಾದ ವಿಪತ್ತುಗಳಲ್ಲಿ ಅತ್ಯಂತ ಕಠಿನವಾದುದು ಸೋಂಕು. ಮೊದಲ ಬಾರಿಗೆ ಕೀಲು ಬದಲಿಸಿಕೊಂಡ ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಮಾತ್ರ ಅದು ತಗಲುವುದಾದರೂ, ತಗಲಿದವರಿಗೆ ಮರುಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ಔಷಧಸೇವನೆಯೂ ಪ್ರಾಯಶಃ ತಪ್ಪವಾದ್ದರಿಂದ, ಅದರ ಸ್ವರೂಪವನ್ನೂ ಅದಕ್ಕೆ ತಕ್ಕ ಔಷಧವನ್ನು ಆರಿಸುವ ಕ್ರಮವನ್ನೂ ಸಾಮಾನ್ಯ ಜನರು ಅರಿತಿರುವುದು ಅವಶ್ಯಕ.

ದೇಹದೊಳಗೆ ಪರವಸ್ತುವೊಂದು ಸೇರಿದ ಮಾತ್ರಕ್ಕೇ ರೋಗಾಣುವಿನ ಕಾರ್ಯವು ಎಷ್ಟು ಸುಲಭವಾಗುತ್ತದೆಂಬುದನ್ನು ಎಲೆಕ್ ಮತ್ತು ಕೋನನ್ ಎಂಬ ಸಂಶೋಧಕರು 1957ರಲ್ಲಿ ಸ್ವಯಂಸೇವಕರ ಚರ್ಮದ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಆರೋಗ್ಯವಂತರ ಚರ್ಮದಲ್ಲಿ ಕೀವುಗಟ್ಟಬೇಕಾದರೆ ದಶಲಕ್ಷಗಟ್ಟಲೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕಾಗಿದ್ದಲ್ಲಿ, ಹೊಲಿಗೆಯ ಒಂದು ರೇಷ್ಮೆ ಎಳೆ ಅಲ್ಲಿದ್ದಾಗ ಕೆಲವೇ ನೂರು ಸಾಕಾದುವು. ಆದುದರಿಂದಲೇ, ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ 1962ರಲ್ಲಿ ಆಧುನಿಕ ತೊಡೆಸಂದು ಬದಲಾವಣೆಯ ಕ್ರಮವನ್ನು ಸ್ಥಿರಗೊಳಿಸಿದ ಜಾನ್ ಚಾರ್ನ್ಲಿಯವರು, ಆರಂಭದಲ್ಲಿ ನೂರಕ್ಕೆ ಏಳರಷ್ಟೋ ಅದಕ್ಕಿಂತ ಹೆಚ್ಚೋ ಇದ್ದ ಸೋಂಕನ್ನು ಕಂಡು ಕಳವಳಗೊಂಡು, ಶಸ್ತ್ರಕ್ರಿಯೆಯ ಕೊಠಡಿಗೆ ಶೋಧಿಸಿದ ಗಾಳಿಯನ್ನು ಹರಿಸಿಯೂ, ವೈದ್ಯರ ಉಸಿರು ಸಹ ಗಾಯದ ಕಡೆ ಸುಳಿಯದಂತಹ ಉಡುಪನ್ನು ತೊಡಿಸಿಯೂ, ವರ್ಷಗಳ ಸಾಧನೆಯಿಂದ ಅದನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದರು. ಇಂದು ಇದರೊಡನೆ, ಚರ್ಮವನ್ನು ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್‌ನಂತಹ ಆಂಟಿಬಯೋಟಿಕ್ಕನ್ನು ರಕ್ತನಾಳಕ್ಕೆ ಕೊಡುವ ಪದ್ಧತಿಯೂ ಸೇರಿದೆ.

ಇಷ್ಟಾದರೂ ಒಳಹೊಕ್ಕ ರೋಗಾಣುವು ಲೋಹದ ಮೈಗೆ ಅಂಟಿಕೊಂಡು, ತಾನೇ ಸ್ರವಿಸಿದ ಅಂಟುದ್ರವ್ಯದ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಕಲ್ಯಾಣಿಯ ನೀರು ತಾಗುವ ಮೆಟ್ಟಿಲುಗಳ ಮೇಲೆ ಎಷ್ಟು ತೊಳೆದರೂ ಬಿಡದ ಜಾರು ಪಾಚಿಯನ್ನು ಕಂಡವರಿಗೆ ಈ ಜೈವಿಕ ಪೊರೆಯ ಕಲ್ಪನೆ ಕಷ್ಟವಾಗದು. ಪೊರೆಯ ಆಳದಲ್ಲಿ ಆಹಾರವೂ ಆಮ್ಲಜನಕವೂ ವಿರಳವಾದ ಕಾರಣ ರೋಗಾಣುಗಳು ವೃದ್ಧಿಯನ್ನು ನಿಲ್ಲಿಸಿ ನಿದ್ರಿತಪ್ರಾಯವಾಗಿರುತ್ತವೆ. ಬೆಳೆಯುತ್ತಿರುವ ಜೀವಕೋಶಗಳನ್ನೇ ಗುರಿಯಾಗಿಟ್ಟುಕೊಂಡ ಬಹುತೇಕ ಔಷಧಗಳು, ರಕ್ತದಲ್ಲಿ ಅಲೆಯುವ ಅದೇ ಜಾತಿಯ ರೋಗಾಣುವನ್ನು ಕೊಲ್ಲುವಷ್ಟು ಸುಲಭವಾಗಿ ಇವನ್ನು ಕೊಲ್ಲಲಾರವು. ಪೊರೆಯು ಎಳೆಯದಾಗಿರುವಾಗ, ಎಂದರೆ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳೊಳಗೆ, ಕೀಲನ್ನು ತೆರೆದು ಕೆಟ್ಟ ಅಂಗಾಂಶವನ್ನು ಹೆರೆದು ತೊಳೆದು ಕೀಲನ್ನು ಉಳಿಸಿಕೊಳ್ಳುವ ಸಾಧ್ಯತೆಯುಂಟು. ಬಲಿತ ಮೇಲೆ ಒಂದೇ ಹಂತದಲ್ಲೋ ಎರಡು ಹಂತಗಳಲ್ಲೋ ಕೀಲನ್ನೇ ಬದಲಾಯಿಸಬೇಕಾಗುವುದೇ ಹೆಚ್ಚು. ಶಸ್ತ್ರವೈದ್ಯನ ಕೈಯ ನೆರವಿಲ್ಲದೆ ಮಾತ್ರೆಯೊಂದರಿಂದಲೇ ಈ ರೋಗವು ಸಾಮಾನ್ಯವಾಗಿ ನಿರ್ಮೂಲವಾಗದು.

ಔಷಧದ ಆಯ್ಕೆಯಲ್ಲಿ ಮೊದಲ ಧರ್ಮವೆಂದರೆ ರೋಗಾಣುವಿನ ಗುರುತು ಹಿಡಿಯುವುದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಉರಿ, ಬಾವು, ಜ್ವರಗಳೊಡನೆ ರಭಸದಿಂದ ಬರುತ್ತದೆ. ನಮ್ಮೆಲ್ಲರ ಚರ್ಮದ ಮೇಲೆ ನಿರುಪದ್ರವಿಯಾಗಿರುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಲೋಹದ ಆಶ್ರಯ ಸಿಕ್ಕೊಡನೆ, ಜ್ವರವಿಲ್ಲದೆ ಬರಿಯ ಬಿಡದ ನೋವಾಗಿ, ತಿಂಗಳುಗಳ ಕಾಲ ಅಡಗಿರಬಲ್ಲುದು. ಹೀಗಾಗಿ ಶಸ್ತ್ರಕ್ರಿಯೆಯ ವೇಳೆಯಲ್ಲಿ ಬೇರೆ ಬೇರೆ ಸ್ಥಳಗಳಿಂದ ಐದಾರು ತುಣುಕು ಅಂಗಾಂಶಗಳನ್ನು, ಪ್ರತಿಯೊಂದಕ್ಕೂ ಬೇರೆ ಉಪಕರಣವನ್ನು ಬಳಸಿ ತೆಗೆದು, ಪ್ರಯೋಗಾಲಯದಲ್ಲಿ ಅನೇಕ ವೇಳೆ 14 ದಿನಗಳವರೆಗೆ ಬೆಳೆಸಿ ನೋಡುತ್ತಾರೆ. ಒಂದೇ ತುಣುಕಿನಲ್ಲಿ ಕಂಡ ಚರ್ಮದ ರೋಗಾಣುವು ಆಕಸ್ಮಿಕವಾಗಿ ಬೆರೆತದ್ದಿರಬಹುದು. ಎರಡು ಮೂರರಲ್ಲಿ ಅದೇ ಕಂಡರೆ ಅದೇ ಅಪರಾಧಿ. ಆದರೆ ಮಂಡಿ ಊದಿತೆಂದು ಔಷಧದಂಗಡಿಯಿಂದ ತಂದ ನಾಲ್ಕು ಮಾತ್ರೆಗಳನ್ನು ರೋಗಿಯು ಮೊದಲೇ ನುಂಗಿದ್ದರೆ, ಪೊರೆಯೊಳಗಿನ ರೋಗಾಣು ಸಾಯದೆ, ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತದೆ. ಈ ಕಾರಣದಿಂದ, ರಕ್ತಕ್ಕೆ ವಿಷವೇರಿ ಪ್ರಾಣಾಪಾಯವಿರುವ ರೋಗಿಯನ್ನು ಬಿಟ್ಟು ಉಳಿದವರಲ್ಲಿ, ಮಾದರಿ ತೆಗೆಯುವ ಮುನ್ನ ಸುಮಾರು ಎರಡು ವಾರ ಆಂಟಿಬಯೋಟಿಕ್ ಕೊಡದೆ ತಡೆದುಕೊಳ್ಳುವುದು ವಿವೇಕವೆಂದು ತಜ್ಞರು ಭಾವಿಸುತ್ತಾರೆ.

ಗುರುತು ಸಿಕ್ಕ ಬಳಿಕ ಆಯ್ಕೆಯು ಕ್ರಮಬದ್ಧವಾಗುತ್ತದೆ. ಮೆಥಿಸಿಲಿನ್‌ಗೆ ಮಣಿಯುವ ಸ್ಟ್ಯಾಫಿಲೊಕಾಕಸ್ ಆದರೆ ಸೆಫಜೋಲಿನ್‌ನಂತಹ ಔಷಧ, ಮಣಿಯದ ತಳಿಯಾದರೆ ವ್ಯಾಂಕೊಮೈಸಿನ್. ಕ್ಷಯರೋಗದ ಚಿಕಿತ್ಸೆಯಿಂದ ನಮ್ಮವರಿಗೆ ಪರಿಚಿತವಾದ ರಿಫಾಂಪಿಸಿನ್ ಪೊರೆಯೊಳಗಿನ ಸ್ಟ್ಯಾಫಿಲೊಕಾಕಸ್ಸನ್ನೂ ತಲುಪಬಲ್ಲುದು. ಸ್ವಿಟ್ಸರ್ಲೆಂಡಿನ ವೈದ್ಯರು 1998ರಲ್ಲಿ ಪ್ರಕಟಿಸಿದ ಚಿಕ್ಕದೊಂದು ಪರೀಕ್ಷೆಯಲ್ಲಿ, ಅದನ್ನು ಸಿಪ್ರೊಫ್ಲಾಕ್ಸಸಿನ್‌ನೊಡನೆ ಪೂರ್ಣಾವಧಿ ಸೇವಿಸಿದ 12 ಮಂದಿಯೂ ಗುಣವಾದರು. ಅದಿಲ್ಲದವರಲ್ಲಿ 12ಕ್ಕೆ 7 ಮಂದಿ ಮಾತ್ರ. ಅನಂತರದ ಎಲ್ಲ ಪರೀಕ್ಷೆಗಳಲ್ಲಿಯೂ ಲಾಭವು ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅದನ್ನು ಒಂಟಿಯಾಗಿ ಕೊಟ್ಟರೆ ರೋಗಾಣು ಬೇಗನೆ ಪ್ರತಿರೋಧವನ್ನು ಗಳಿಸುತ್ತದೆ; ವಾರ್ಫರಿನ್ ಮೊದಲಾದ ಅನೇಕ ಔಷಧಗಳ ಬಲವನ್ನೂ ಅದು ಕುಗ್ಗಿಸುವುದರಿಂದ, ರೋಗಿಯು ತಾನು ಸೇವಿಸುವ ಪ್ರತಿಯೊಂದು ಮಾತ್ರೆಯನ್ನೂ ವೈದ್ಯರಿಗೆ ತಿಳಿಸತಕ್ಕದ್ದು.

ರಕ್ತನಾಳಕ್ಕೆ ಚುಚ್ಚಿದ ಔಷಧವೇ ಶ್ರೇಷ್ಠವೆಂಬುದು ಬಹುಕಾಲದ ನಂಬಿಕೆಯಾಗಿತ್ತು. ಬ್ರಿಟನ್ನಿನಲ್ಲಿ ಮೂಳೆ ಮತ್ತು ಕೀಲುಗಳ ಸೋಂಕಿದ್ದ 1,054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯು, ಮೊದಲ ಆರು ವಾರಗಳಲ್ಲಿ ಸರಿಯಾಗಿ ಆರಿಸಿದ ಮಾತ್ರೆಯು ಚುಚ್ಚುಮದ್ದಿಗೆ ಕಡಿಮೆಯಲ್ಲವೆಂದು ತೋರಿಸಿತು: ಚುಚ್ಚುಮದ್ದಿನವರಲ್ಲಿ ಶೇಕಡ 14.6ರಷ್ಟು, ಮಾತ್ರೆಯವರಲ್ಲಿ 13.2ರಷ್ಟು ಮಂದಿಗೆ ಚಿಕಿತ್ಸೆ ವಿಫಲವಾಯಿತು. ಹಾಗೆಂದು ಅವಧಿಯಲ್ಲಿ ರಿಯಾಯಿತಿ ಸಲ್ಲದು. ಫ್ರಾನ್ಸಿನಲ್ಲಿ ಕೃತಕ ಕೀಲಿನ ಸೋಂಕಿಗೆಂದೇ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 12 ವಾರ ಔಷಧ ಪಡೆದವರಲ್ಲಿ ಶೇಕಡ 9.4ರಷ್ಟು ಮಂದಿಗೆ ಸೋಂಕು ಉಳಿದರೆ, ಆರು ವಾರಕ್ಕೆ ನಿಲ್ಲಿಸಿದವರಲ್ಲಿ 18.1ರಷ್ಟು ಮಂದಿಗೆ ಉಳಿಯಿತು.

ಇದರಿಂದ ರೋಗಿಗೂ ಅವನ ಮನೆಯವರಿಗೂ ದೊರಕುವ ಉಪದೇಶವು ಸರಳ. ಕೃತಕ ಕೀಲು ಕೆಂಪೇರಿದರೆ, ಗಾಯವು ಒಸರುತ್ತಲೇ ಇದ್ದರೆ, ಆರಿಹೋಗಿದ್ದ ನೋವು ಮರಳಿದರೆ, ಕೀಲು ಹಾಕಿದ ಶಸ್ತ್ರವೈದ್ಯರನ್ನು ಅಂದೇ ಕಾಣಬೇಕು. ಅವರನ್ನು ಕಾಣುವ ಮುನ್ನ ಯಾವ ಆಂಟಿಬಯೋಟಿಕ್ಕನ್ನೂ ತಾವಾಗಿ ನುಂಗಕೂಡದು. ಚಿಕಿತ್ಸೆಯ ಆರಂಭದಲ್ಲಿ ರೋಗಾಣು ಯಾವುದೆಂದೂ ಅದು ಯಾವ ಔಷಧಕ್ಕೆ ಮಣಿಯುವುದೆಂದೂ ಕೇಳಿ ತಿಳಿದು ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನೋವು ಇಳಿಯಿತೆಂದು ನಡುವೆ ಔಷಧವನ್ನು ಬಿಡಬಾರದು. ರೋಗಾಣುವಿನ ಗುರುತು ಸಿಗುವವರೆಗಿನ ಕೆಲವು ದಿನಗಳ ಸಹನೆಯೂ ಆಮೇಲಿನ ತಿಂಗಳುಗಳ ನಿಷ್ಠೆಯೂ ಕೂಡಿದಾಗ, ಸೋಂಕು ತಗಲಿದ ಬಹುಮಂದಿ ಮತ್ತೆ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ.