ಒಡೆಯ ಬದಲಾದರೆ ಹಾಡು ಉಳಿದೀತೆ?

ಕೊಳ್ಳೇಗಾಲದ ನನ್ನ ಕೊಠಡಿಯಲ್ಲಿ ಹನ್ನೊಂದು ನೋಟುಪುಸ್ತಕಗಳಿವೆ. ಹನೂರಿನ ಹಾದಿಯ ಹಳ್ಳಿಗಳಲ್ಲಿಯೂ ಚಿಕ್ಕಲ್ಲೂರಿನ ಜಾತ್ರೆಯಲ್ಲಿಯೂ ನೀಲಗಾರರು ಹಾಡಿದ ಮಂಟೇಸ್ವಾಮಿಯ ಕಥೆಯನ್ನು ಕೇಳಿ ಬರೆದುಕೊಂಡ ಪುಸ್ತಕಗಳು ಅವು. ಅವನ್ನು ಗಣಕಯಂತ್ರಕ್ಕೆ ಏರಿಸಲು ನಾನು ಆರಿಸಿಕೊಂಡದ್ದು ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು. ಅದಕ್ಕೆ ಬೆಲೆಯಿಲ್ಲ, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

೨೦೧೦ರ ಜನವರಿಯಲ್ಲಿ ಅದನ್ನು ಪೋಷಿಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಯಳಂದೂರಿನಿಂದ ಬಂದಿದ್ದ ನನ್ನ ಸೋದರಳಿಯ ಸುದ್ದಿಯನ್ನೋದಿ, “ಮಾವ, ನಿಮ್ಮ ಹಾಡೆಲ್ಲ ಅಮೆರಿಕದ ಸಾಹುಕಾರನ ಪೆಟ್ಟಿಗೆ ಸೇರಿತಲ್ಲ!” ಎಂದು ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಆದರೂ ಯಳಂದೂರಿನವನಿಗೆ ಯಳಂದೂರಿನ ಮಾತಿನಲ್ಲಿಯೇ ಉತ್ತರಕೊಟ್ಟೆ. ೧೮೦೭ರಲ್ಲಿ ಆ ಸೀಮೆ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಕಂದಾಯ ಅವರಿಗೆ ಸೇರಿತು. ಜನರ ಬಾಯಲ್ಲಿದ್ದ ಹಾಡು ಸೇರಲಿಲ್ಲ. ಕೊಳ್ಳೇಗಾಲ ೧೯೫೬ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗಲೂ ತಂಬೂರಿ ಮೂಕವಾಗಲಿಲ್ಲ.

ಮುಕ್ತ ತಂತ್ರಾಂಶದ ಪರವಾನಗಿಯೂ ಅಂಥದೇ. ಒಮ್ಮೆ ಜನರ ಕೈಗಿತ್ತ ಪ್ರತಿಯನ್ನು ಕಂಪನಿಯನ್ನು ಕೊಂಡವನು ಹಿಂದಕ್ಕೆ ಪಡೆಯಲಾರ. ಅವನಿಗೆ ದಕ್ಕುವುದು ಹೆಸರು, ಮತ್ತು ಸಂಬಳಕ್ಕೆ ದುಡಿಯುವ ಕೈಗಳು. ಅದೇ ಸೆಪ್ಟೆಂಬರಿನಲ್ಲಿ ಆ ತಂತ್ರಾಂಶಕ್ಕೆ ದುಡಿಯುತ್ತಿದ್ದವರಲ್ಲಿ ಅನೇಕರು ಬೇರೆಯಾಗಿ, ಅದೇ ಸಂಕೇತದಿಂದ ಲಿಬ್ರೆಆಫೀಸ್ ಎಂಬ ಹೊಸ ಕವಲನ್ನು ಕಟ್ಟಿದರು. ಮರುವರ್ಷ ಒರಾಕಲ್ ಹಳೆಯದನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿಬಿಟ್ಟಿತು. ನನ್ನ ಕಡತಗಳು ಹೊಸ ಮನೆಯಲ್ಲಿ ಒಂದಕ್ಷರವೂ ಕೆಡದೆ ತೆರೆದುಕೊಂಡವು.

ಇಷ್ಟಕ್ಕೇ ನಾವು ನಿಶ್ಚಿಂತರಾಗುವಂತಿಲ್ಲ. ೨೦೧೯ರಲ್ಲಿ ಐಬಿಎಂ ಸುಮಾರು ೩,೪೦೦ ಕೋಟಿ ಡಾಲರುಗಳಿಗೆ ರೆಡ್ ಹ್ಯಾಟನ್ನು ಕೊಂಡಿತು. ನಮ್ಮ ಲಿಪಿಗೂ ‘ಲೋಹಿತ್’ ಎಂಬ ಮುಕ್ತ ಅಕ್ಷರಗಳನ್ನು ಒದಗಿಸಿದ ಸಂಸ್ಥೆ ಅದು. ೨೦೨೯ರವರೆಗೆ ನಡೆದೀತೆಂದು ಜನ ನಂಬಿದ್ದ ಸೆಂಟ್‌ಓಎಸ್‌ನ ಎಂಟನೆಯ ಆವೃತ್ತಿ ೨೦೨೧ರ ಕೊನೆಗೇ ನಿಂತಿತು. ನಂಬಿದ್ದವರಿಗಾಗಿ ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಎಂಬ ಬದಲಿಗಳು ಹುಟ್ಟಿದುವು, ನಿಜ. ಆದರೆ ಕವಲೊಡೆಯುವ ಹಕ್ಕು ಎಲ್ಲರಿಗೂ ಇದೆ. ಕವಲನ್ನು ಸಾಕುವ ಕೈಗಳು ಎಲ್ಲ ಭಾಷೆಗಳಿಗೂ ಇಲ್ಲ.

ಕನ್ನಡದ ಅಪಾಯವಿರುವುದು ಇಲ್ಲಿಯೇ. ತಪ್ಪಿ ಬಿದ್ದ ಒತ್ತಕ್ಷರವನ್ನು ಸರಿಪಡಿಸುವುದು, ಆಜ್ಞೆಗಳನ್ನು ಕನ್ನಡಿಸುವುದು ಲಾಭ ತರುವ ಕಸುಬಲ್ಲ. ಹೊಸ ಒಡೆಯನ ಕತ್ತರಿ ಮೊದಲು ಬೀಳುವುದು ಇಂಥ ಕೆಲಸದ ಮೇಲೆಯೇ ಎಂದು ನನ್ನ ಭಯ. ಪರವಾನಗಿ ನಮ್ಮ ಹಕ್ಕನ್ನು ಕಾಯಬಲ್ಲುದು. ನಮ್ಮ ಪಾಲಿನ ದುಡಿಮೆಯನ್ನು ಮಾಡಲಾರದು.

ನನಗೆ ಹಾಡಿ ಬರೆಸಿದ ಹಿರಿಯ ನೀಲಗಾರರೊಬ್ಬರು ಒಮ್ಮೆ ಹೇಳಿದ್ದರು: “ಹಾಡ್ನ ಯಾರೂ ಕಿತ್ಕಳಕ್ಕಾಗದಿಲ್ಲ ಸ್ವಾಮಿ; ತಂಬೂರಿ ಹಿಡಿಯಕ್ಕೆ ಒಬ್ಬ ಮಗ ಬೇಕು, ಅಷ್ಟೇಯ.”

ಅಂದು ನಕ್ಕ ಸೋದರಳಿಯ ಈಗ ಭಾನುವಾರಗಳಂದು ಲಿಬ್ರೆಆಫೀಸಿನ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದಾನೆ. ಪದವೊಂದು ಹೊಳೆಯದಾಗ ನನ್ನನ್ನು ಕೇಳುತ್ತಾನೆ. ನಾನು ಹನ್ನೊಂದನೆಯ ಪುಸ್ತಕವನ್ನು ಬದಿಗಿಟ್ಟು ಉತ್ತರ ಹುಡುಕುತ್ತೇನೆ.