ಬೆರಳು ಕಾಯುವ ಚಾಕು



ಭಾರತ ಹುಣ್ಣಿಮೆಯ ಜಾತ್ರೆಗೆಂದು ನಾವು ಕೆಲವು ಸದಸ್ಯರು ಕಾಫಿ ಕೊಯ್ಲು ಮುಗಿಸಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ದಾರಿಯಲ್ಲಿ ಕಿತ್ತೂರಿನ ಕೋಟೆಯನ್ನೂ ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿಯನ್ನೂ ನೋಡಿ, ಜಾತ್ರೆಯ ಅಂಗಡಿಯೊಂದರಲ್ಲಿ ತಲಾ ಒಂದು ಮಡಚುವ ಚಾಕು ಕೊಂಡೆವು. ಅಲ್ಲಿಂದ ರಾಮದುರ್ಗದ ಬೀಗರ ಮನೆಗೆ ಹೋದಾಗ ಅವರು ಚಾಕುವನ್ನು ತಿರುಗಿಸಿ ನೋಡಿ, ಅಲಗು ಹರಿತವಿದ್ದರೆ ಸಾಲದು, ಕೀಲು ಗಟ್ಟಿಯಿರಬೇಕು ಎಂದರು. ನಾವು ನಕ್ಕು ಸುಮ್ಮನಾದೆವು.

ಊರಿಗೆ ಬಂದ ಹದಿನೈದು ದಿನದೊಳಗೆ ನಾಟಿಗೆಂದು ಮೆಣಸಿನ ಬಳ್ಳಿ ತುಂಡು ಮಾಡುತ್ತಿದ್ದಾಗ ಅಲಗು ತಟ್ಟನೆ ಮಡಚಿಕೊಂಡಿತು. ನಮ್ಮಲ್ಲೊಬ್ಬರ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು.

ಇದಕ್ಕೆ ಕಾರಣ ಸರಳ. ಸಾಮಾನ್ಯ ಚಾಕುವಿನಲ್ಲಿ ಬೆನ್ನಿನ ಸ್ಪ್ರಿಂಗು ಅಲಗನ್ನು ಒತ್ತಿ ಹಿಡಿದಿರುತ್ತದೆಯೇ ಹೊರತು ಬಂಧಿಸಿರುವುದಿಲ್ಲ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಒಂದೇ ಸ್ಪ್ರಿಂಗು ಹಿಡಿಯ ಎರಡು ಬದಿಯ ಉಪಕರಣಗಳಿಗೂ ಸಾಲುವಂತೆ ಮಾಡಿದ ಪ್ರಸಿದ್ಧ ಚಾಕುವಿನದೂ ಇದೇ ಕ್ರಮ. ಅಲಗಿನ ಬೆನ್ನಿನ ಮೇಲೆ ಬಲ ಬಿದ್ದರೆ ಅದು ಮಡಚಲೇಬೇಕು.

ಈ ಕೊರತೆಯನ್ನು ನೀಗಿಸಿದ ಒಂದು ಉಪಾಯ ರೈತರ ಚಾಕುವಿನಲ್ಲೇ ಬಂದಿತು. ಫ್ರಾನ್ಸಿನ ಸವಾಯ್ ಎಂಬ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಅಗ್ಗದ ಚಾಕು ತಯಾರಿಸಿದರು. 1955ರಲ್ಲಿ ಅದರ ಕತ್ತಿಗೆ ಸೀಳಿರುವ ಉಕ್ಕಿನ ಉಂಗುರವೊಂದು ಸೇರಿತು. ಅಲಗು ಬಿಚ್ಚಿ ಉಂಗುರ ತಿರುಗಿಸಿದರಾಯಿತು, ಅಲಗು ಮಡಚಲಾರದು. 2000ದಿಂದ ಮುಚ್ಚಿದಾಗಲೂ ಬಂಧಿಸುವ ಏರ್ಪಾಡಾಯಿತು. ಒಂದೇ ಕುಂದೆಂದರೆ, ನಮ್ಮಂಥ ಮಳೆಸೀಮೆಯಲ್ಲಿ ಮರದ ಹಿಡಿ ನೀರು ಕುಡಿದು ಉಬ್ಬಿ, ಅಲಗು ಬಿಚ್ಚಲು ಕಷ್ಟವಾಗುತ್ತದೆ.

ಅಮೆರಿಕದ ಸ್ಪೈಡರ್ಕೊ ಸಂಸ್ಥೆ 1981ರಲ್ಲಿ ಅಲಗಿನಲ್ಲಿ ದುಂಡು ರಂಧ್ರವನ್ನೂ ಹಿಡಿಗೆ ಕಿಸೆಯ ಕ್ಲಿಪ್ಪನ್ನೂ ಇರಿಸಿತು. ರಂಧ್ರಕ್ಕೆ ಹೆಬ್ಬೆರಳಿಟ್ಟು ಒಂದೇ ಕೈಯಿಂದ ಬಿಚ್ಚಬಹುದು. ಒಂದು ಕೈ ಏಣಿಯ ಮೇಲಿರುವ ತೋಟಿಗನಿಗೆ ಇದರ ಬೆಲೆ ಗೊತ್ತು.

ಉಕ್ಕಿನ ವಿಚಾರದಲ್ಲಿ ಮಾತ್ರ ಹೊಸದೇ ಮೇಲೆನ್ನಲಾಗದು. ಹಸಿ ಅಡಿಕೆಯ ಚೊಗರು ತಾಗಿದರೆ ಸಾದಾ ಉಕ್ಕು ಕಪ್ಪಾಗುತ್ತದೆ. ತುಕ್ಕು ಹಿಡಿಯದ ಉಕ್ಕಿಗೆ ಆ ತೊಂದರೆ ಕಡಿಮೆ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವಾಗ ನಾವು ಚಾಕು ಅದ್ದಿ ನೋಡುತ್ತೇವಲ್ಲವೇ? ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಈ ಪರೀಕ್ಷೆಗೆ ಉಜ್ಜಿ ಬೆಳಗಿದ ಸಾದಾ ಉಕ್ಕೇ ಬೇಕು. ತುಕ್ಕು ಹಿಡಿಯದ ಅಲಗನ್ನು ನಂಬುವಂತಿಲ್ಲ. ಆದ್ದರಿಂದ ಹಳೆಯ ಚಾಕುವನ್ನು ಎಸೆಯದೆ ಔಷಧಿ ಪೀಪಾಯಿಯ ಬಳಿ ಇಟ್ಟುಕೊಳ್ಳುವುದು ಲೇಸು.

ಸದಸ್ಯರು ಮುಂದೆ ಚಾಕು ಕೊಳ್ಳುವಾಗ ಅಂಗಡಿಯಲ್ಲೇ ಅಲಗು ಬಿಚ್ಚಿ, ಬೆರಳುಗಳನ್ನು ಅದರ ದಾರಿಯಿಂದ ದೂರವಿರಿಸಿ, ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ ನೋಡಬೇಕು. ಮಡಚಿಕೊಂಡರೆ ಅದು ಹಣ್ಣು ಹೆಚ್ಚಲು ಸಾಕು, ತೋಟಕ್ಕಲ್ಲ. ಅಲಗು ಅತ್ತಿತ್ತ ಅಲುಗಿದರೂ ಬೇಡವೆನ್ನಬೇಕು. ತೋಟದ ಆಳಿನ ಕೈಗೆ ಕೊಡುವ ಚಾಕುವಿಗೂ ಇದೇ ಪರೀಕ್ಷೆ ಆಗಬೇಕು; ಬೆರಳು ಯಾರದಾದರೂ ಬೆರಳೇ.

ರಾಮದುರ್ಗದ ಬೀಗರಿಗೆ ನಾವು ಕಾಗದ ಬರೆದು ತಪ್ಪೊಪ್ಪಿಕೊಂಡಿದ್ದೇವೆ.