ನೂರಹದಿನಾಲ್ಕನೆಯ ಮರಾಠಾ ಪಲ್ಟಣ

ಹಳಿಯಾಳ, ಮುಂಡಗೋಡಗಳನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಆಧಿಪತ್ಯವನ್ನು ಬಿಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಇಂದೂರ ಮೊದಲಾದ ಗ್ರಾಮಗಳುಳ್ಳ ಈ ಸೀಮೆಗೆ ಸಮೀಪವಾದ ದಂಡಿನ ಠಾಣ್ಯವು ಬೆಳಗಾವಿ. ಆದುದರಿಂದ ಇಲ್ಲಿಯ ಸೈನಿಕರ ಚರಿತ್ರೆಯನ್ನು ಶೋಧಿಸುವವರು ಅಲ್ಲಿಯ ಮರಾಠಾ ಪಲ್ಟಣಗಳ ವಂಶಾವಳಿಯನ್ನು ಅರಿತಿರುವುದು ಅವಶ್ಯಕ. ಹಳೆಯ ಕಾಗದಪತ್ರಗಳಲ್ಲಿ ೧೪, ೧೧೪, ೧೦/೫ ಎಂಬ ಅಂಕಿಗಳನ್ನು ಕಂಡು ಮೂರು ಬೇರೆ ಪಡೆಗಳೆಂದು ಭ್ರಮಿಸುವುದು ಸುಲಭ. ವಸ್ತುತಃ ಅವು ಒಂದೇ ಪಲ್ಟಣದ ಮೂರು ನಾಮಾಂತರಗಳು.

೧೮೦೦ರಲ್ಲಿ ಹುಟ್ಟಿದ ಈ ಕಾಲಾಳು ಪಡೆಯು ಮುಂಬಯಿ ಸೈನ್ಯದ ೧೪ನೆಯದೆಂದು ಎಣಿಸಲ್ಪಡುತ್ತಿದ್ದು, ೧೯೦೩ರಲ್ಲಿ ೧೧೪ನೆಯ ಮರಾಠಾ ಎನಿಸಿತು. ಹೆಸರನ್ನು ಮಾತ್ರ ನೋಡಿ ಜಾತಿಯನ್ನಾಗಲಿ ಭಾಷೆಯನ್ನಾಗಲಿ ನಿರ್ಣಯಿಸಲಾಗದು. ಮರಾಠಾ ಪಲ್ಟಣಗಳಲ್ಲಿ ದಖ್ಖನಿ ಮುಸಲ್ಮಾನರೂ ಇದ್ದರು.

ಇದರ ಕೀರ್ತಿಯೆಲ್ಲ ಟೈಗ್ರಿಸ್ ನದಿಯ ದಂಡೆಯಲ್ಲಿ ಸಂಪಾದಿತವಾದುದು. ಅದೇ ನದಿಯ ಕೆಳಭಾಗದ ಕುತ್ ಎಂಬಲ್ಲಿ ೧೯೧೫ರ ಡಿಸೆಂಬರದಿಂದ ಮುತ್ತಿಗೆಗೆ ಸಿಕ್ಕಿದ್ದ ಸೈನ್ಯವು ಹಸಿವಿನಿಂದ ಕುಗ್ಗಿ ೧೯೧೬ರ ಏಪ್ರಿಲ್ ೨೯ರಂದು ತುರ್ಕರಿಗೆ ಶರಣಾಯಿತು. ೧೦೩, ೧೧೦, ೧೧೭ನೆಯ ಮರಾಠಾ ಪಲ್ಟಣಗಳು ಆ ಸೆರೆಯ ಪಾಲಾದವು. ಎರಡೂವರೆ ವರ್ಷಗಳ ಮೇಲೆ ಫಲವು ತಿರುಗಿತು. ೧೯೧೮ರ ಅಕ್ಟೋಬರ್ ೨೩ರಿಂದ ಜನರಲ್ ಕಾಬ್ ಎಂಬವನ ಸೈನ್ಯವು ನದಿಯ ಮೇಲ್ಮುಖವಾಗಿ ಸಾಗಲು, ತುರ್ಕರು ಹಿಂಜರಿಯುತ್ತ ಶರ್ಕತ್ ಬಳಿಗೆ ಬಂದರು. ಕುದುರೆಯ ದಂಡೊಂದು ನದಿಯನ್ನು ದಾಟಿ ಅವರ ಬೆನ್ನ ಹಿಂದೆ ಮೊಸೂಲಿನ ದಾರಿಯನ್ನು ಕಟ್ಟಿತು. ೨೯ರಂದು ೧೭ನೆಯ ಭಾರತೀಯ ಡಿವಿಜನ್ನು ಎದುರಿನಿಂದ ಏರಿಹೋಯಿತು. ೧೧೪ನೆಯ ಪಲ್ಟಣವು ಈ ಡಿವಿಜನ್ನಿನ ೩೪ನೆಯ ಬ್ರಿಗೇಡಿನಲ್ಲಿತ್ತು. ಮರುದಿನ ಬೆಳಿಗ್ಗೆ ತುರ್ಕ ಸೇನಾಪತಿ ಇಸ್ಮಾಯಿಲ್ ಹಕ್ಕಿಯು ಶರಣು ಬಂದನು. ಹನ್ನೊಂದು ಸಾವಿರಕ್ಕೂ ಮಿಕ್ಕ ಸೆರೆಯಾಳುಗಳು ದೊರೆತರು. ಅದೇ ದಿನ ಮುದ್ರೋಸಿನಲ್ಲಿ ತುರ್ಕರೊಡನೆ ಯುದ್ಧವಿರಾಮದ ಒಪ್ಪಂದವಾದುದು ವಿಧಿವಿಲಾಸವೆನ್ನಬೇಕು. ಒಂದು ದಿನ ತಡೆದಿದ್ದರೆ ಆ ರಕ್ತಪಾತವೇ ಬೇಕಾಗಿರಲಿಲ್ಲ! ಈ ಕದನಕ್ಕಾಗಿ ಪಲ್ಟಣಕ್ಕೆ ೨೮ ಶೌರ್ಯಪುರಸ್ಕಾರಗಳು ಸಂದವು.

ಇಷ್ಟು ಗೆದ್ದ ಪಡೆಯನ್ನೇ ೧೯೨೨ರ ಪುನಾರಚನೆಯಲ್ಲಿ ರಣರಂಗದಿಂದ ಬಿಡಿಸಿ, ೫ನೆಯ ಮರಾಠಾ ಲಘು ಪದಾತಿ ದಳದ ೧೦ನೆಯ ಪಲ್ಟಣವೆಂದು ಹೆಸರಿಟ್ಟು, ಬೆಳಗಾವಿಯಲ್ಲಿ ಹೊಸ ಸಿಪಾಯಿಗಳ ಶಿಕ್ಷಣಕ್ಕೆ ನಿಯಮಿಸಿದರು. ಹಳೆಯ ೧೦೩ನೆಯದು ಒಂದನೆಯದಾಯಿತು. ಸಿಪಾಯಿಗಳ ಬಾಯಲ್ಲಿ ಅದು 'ಜಂಗೀ ಪಲ್ಟಣ'. 'ಕಾಳೀ ಪಾಂಚವೀ' ಎಂಬ ೧೦೫ನೆಯದು ಎರಡನೆಯದಾಯಿತು. ಸರಕಾರದ ಅಂಕಿಗಳು ಎಷ್ಟು ಸಲ ಬದಲಾದರೂ ಈ ಆಡುಹೆಸರುಗಳು ಬದಲಾಗಲಿಲ್ಲ. ಶೋಧಕನಿಗೆ ಅಂಕಿಗಿಂತ ಇವೇ ಹೆಚ್ಚು ನಂಬಿಕೆಯ ಆಧಾರ.

ಎರಡನೆಯ ಮಹಾಯುದ್ಧದಲ್ಲಿ ಕಾಳೀ ಪಾಂಚವಿಗೆ ಕುತ್ತಿನ ಗತಿಯೇ ಒದಗಿತು. ೧೯೪೧ರಲ್ಲಿ ಆಸ್ಟ್ರೇಲಿಯದ ೯ನೆಯ ಡಿವಿಜನ್ನು ತಿಂಗಳುಗಟ್ಟಲೆ ಕಾದುಕೊಂಡಿದ್ದ ತೊಬ್ರುಕ್ ಕೋಟೆಯ ಆಗ್ನೇಯ ಮೂಲೆಯಲ್ಲಿ ಅದು ನಿಂತಿರಲು, ೧೯೪೨ರ ಜೂನ್ ೨೦ರಂದು ಜರ್ಮನರ ಮುಖ್ಯ ಹೊಡೆತವು ಅಲ್ಲಿಯೇ ಬಿದ್ದಿತು. ಮರುದಿನ ಕೋಟೆ ಬಿದ್ದುಹೋಯಿತು. ನಾಲ್ಕನೆಯ ಪಲ್ಟಣವು ೧೯೪೪ರ ಮಾರ್ಚಿನಲ್ಲಿ ಮಣಿಪುರದ ಸಾಂಗ್ಶಾಕ್ ಬೆಟ್ಟದ ಮೇಲೆ ಜಪಾನಿಯರನ್ನು ತಡೆದು ನಿಂತಿತು. ಬೆಳಗಾವಿಯ ದಳಕೇಂದ್ರದ ಯುದ್ಧಸ್ಮಾರಕಕ್ಕೆ ಮಾತ್ರ ಶರ್ಕತ್ತಿನ ಹೆಸರೇ ನಿಂತಿದೆ.